ಕರೀಂ ಅಬ್ದುಲ್ ಜಬ್ಬಾರ್ ಅವರ ಸ್ಕೈ ಹುಕ್ ಕಲಿಯುವ ಬಗೆ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್ ಜಬ್ಬಾರ್. ಕಾಲೇಜಿನಲ್ಲಿ ಅವರ ಹೆಸರು ಲೂ ಆಲ್ಸಿಂಡರ್. ಎತ್ತರ 7 ಅಡಿ 2 ಅಂಗುಲ. 1967, 68, 69ರಲ್ಲಿ ಅವರ ವಿಶ್ವವಿದ್ಯಾಲಯ ಯುಸಿಎಲ್‌ಎಯ ತಂಡ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಅವರಿದ್ದ ಆ ಮೂರು ಋತುಗಳಲ್ಲಿ ಗೆದ್ದದ್ದು 88 ಪಂದ್ಯ, ಸೋತದ್ದು ಎರಡೇ. 1967ರಲ್ಲಿ ಕಾಲೇಜು ಆಟದಲ್ಲಿ ಡಂಕ್ (ನೆಗೆದು ಚೆಂಡನ್ನು ಮೇಲಿನಿಂದ ರಿಂಗ್‌ಗೆ ತುರುಕುವುದು) ನಿಷೇಧವಾದ ಮೇಲೆ ಅವರು ಹುಕ್ ಶಾಟನ್ನೇ, ಅಂದರೆ ರಿಂಗ್‌ಗೆ ಪಕ್ಕವಾಗಿ ತಿರುಗಿ ಒಂದೇ ಕೈಯಿಂದ ತಲೆಯ ಮೇಲಿಂದ ಹೊಡೆಯುವುದನ್ನೇ, ಹೆಚ್ಚು ನೆಚ್ಚಿಕೊಂಡರು. ಅವರ ಈ ಹೊಡೆತವೇ ಸ್ಕೈ ಹುಕ್. ಈಗ ಅದನ್ನು ಆಡುವವರು ಅಪರೂಪ. ಎತ್ತರದ ಆಟಗಾರರು ಕಲಿಯಲೇಬೇಕಾದ ಹೊಡೆತ ಅದು.

ಬಲಗೈಯವರಾದರೆ ರಿಂಗ್‌ಗೆ ಬೆನ್ನು ಕೊಟ್ಟು, ಚೆಂಡನ್ನು ಎರಡೂ ಕೈಯಲ್ಲಿ ಗದ್ದದ ಕೆಳಗೆ ಹಿಡಿಯಿರಿ. ಎಡಗಾಲು ಊರಿ, ಎಡಭುಜ ರಿಂಗ್‌ನತ್ತ ನೇರವಾಗಿ ಬರುವಂತೆ ತಿರುಗಿ. ಕಣ್ಣು ಮೊದಲೇ ರಿಂಗ್ ಹುಡುಕಿರಬೇಕು. ಬಲಮಂಡಿ ಎತ್ತುತ್ತ ಎಡಗಾಲಿನಿಂದ ನೆಗೆಯಿರಿ. ಚೆಂಡು ಬಲಗಿವಿಯ ಪಕ್ಕದಿಂದ ನೆಟ್ಟಗೆ ಮೇಲೇರಲಿ. ತೋಳು ಪೂರ್ತಿ ಚಾಚಿದಾಗ, ನೆಗೆತದ ತುದಿಯಲ್ಲಿ, ಮಣಿಕಟ್ಟು ಮಡಿಸಿ ಬೆರಳ ತುದಿಯಿಂದ ಬಿಡಿ.

ಚೆಂಡನ್ನು ಬದಿಗೆ ದೊಡ್ಡದಾಗಿ ಬೀಸಿದರೆ ಎದುರಾಳಿ ಕಸಿಯುತ್ತಾನೆ, ಗುರಿಯೂ ತಪ್ಪುತ್ತದೆ. ಚೆಂಡು ಅಡ್ಡಡ್ಡ ಹೋಗುತ್ತಿದ್ದರೆ ಭುಜ ಪೂರ್ತಿ ತಿರುಗಿಲ್ಲ ಎಂದರ್ಥ. ಎಡಮೊಣಕೈ ಮಡಿಸಿ ಅಡ್ಡ ಇಡಬಹುದು, ತಳ್ಳಿದರೆ ಫೌಲ್.

ಮೊದಲು ರಿಂಗ್‌ನಿಂದ 3 ಅಡಿ ದೂರದಲ್ಲಿ, ನೆಗೆಯದೆ, ದಿನಕ್ಕೆ ಎರಡೂ ಕೈಯಿಂದ 50-50 ಹೊಡೆತ. ಹತ್ತಕ್ಕೆ ಏಳು ಬೀಳುವ ತನಕ ದೂರ ಹೆಚ್ಚಿಸಬೇಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಜಬ್ಬಾರ್ ಗಳಿಸಿದ 38,387 ಅಂಕಗಳ ದಾಖಲೆ 2023ರವರೆಗೆ ಅಳಿಯಲಿಲ್ಲ. ಅದರ ಬೆನ್ನೆಲುಬು ಇದೇ ಹೊಡೆತ.