ಪುಟ್ಟ ಬ್ಲೋವರ್: ಮೋಟಾರು ಕೂಗುತ್ತೆ, ಗಾಳಿ ಬರಲ್ಲ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಧೂಳು ಹೊಡೆಯೋಕೆ ಕೈಯಲ್ಲಿ ಹಿಡಿಯುವ ಬ್ಲೋವರ್ ಮಾಡಿದ್ದೆ. 70 ಮಿ.ಮೀ. ಫ್ಯಾನು, ಸರಣಿಯಲ್ಲಿ 4 ಲಿಥಿಯಂ ಸೆಲ್. ಮೋಟಾರು ಜೋರಾಗಿ ಕೂಗಿ ಬಿಸಿಯಾಗುತ್ತಿತ್ತು, ಮೂತಿಯಲ್ಲಿ ಮಾತ್ರ ಗಾಳಿ ಸಪ್ಪೆ.

ಎಸ್‌.ಪಿ. ರಸ್ತೆಯಿಂದ ದೊಡ್ಡ ಮೋಟಾರು ತಂದು ಹಾಕಿದೆ. ಬಿಸಿ ಇನ್ನೂ ಜಾಸ್ತಿ. 5ನೇ ಸೆಲ್ ಸೇರಿಸಿದರೆ ಬ್ಯಾಟರಿ ಬೇಗ ಖಾಲಿ. ಮೂತಿಯನ್ನು 30 ಮಿ.ಮೀ.ಗೆ ಕಿರಿದು ಮಾಡಿದ್ದಂತೂ ದೊಡ್ಡ ತಪ್ಪು. ಎದುರು ತಡೆ ಹೆಚ್ಚಾದರೆ ಗಾಳಿ ರೆಕ್ಕೆಯ ಮೈ ಬಿಟ್ಟು ಅಲ್ಲೇ ಸುಳಿ ಸುತ್ತುತ್ತೆ.

ಕೊನೆಗೆ ಊದುಬತ್ತಿ ಹಚ್ಚಿ ಹಿಂಬದಿಯ ಬಾಯಿಗೆ ಹಿಡಿದೆ. ನಡುವೆ ಹೊಗೆ ಒಳಗೆ ಹೋಯಿತು, ಅಂಚಿನಲ್ಲಿ ವಾಪಸ್ ಹೊರಗೆ ಬಂತು! ರೆಕ್ಕೆಯ ತುದಿಗೂ ಕೊಳವೆಗೂ 2 ಮಿ.ಮೀ. ಸಂದು ಇತ್ತು. ಸೋರಿಕೆ ಅಲ್ಲೇ.

ಮೊದಲು ಫ್ಯಾನನ್ನು ಬ್ಯಾಲೆನ್ಸ್ ಮಾಡಿದೆ. ಅದುರುವ ಫ್ಯಾನಿಗೆ ಸಂದು ಕಡಿಮೆ ಮಾಡಿದರೆ ಕೊಳವೆಗೆ ಉಜ್ಜುತ್ತೆ. ಆಮೇಲೆ ಕೊಳವೆಯನ್ನು ಹೊಸದಾಗಿ ಪ್ರಿಂಟ್ ಮಾಡಿ ಸಂದನ್ನು 0.5 ಮಿ.ಮೀ.ಗೆ ತಂದೆ. ಬಾಯಿಯ ಚೂಪು ಅಂಚನ್ನು 10 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಿದೆ. ಫ್ಯಾನಿಗೆ ಅಂಟಿಕೊಂಡಿದ್ದ ಜಾಲರಿಯನ್ನು 30 ಮಿ.ಮೀ. ಹಿಂದಕ್ಕೆ ಸರಿಸಿದೆ. ಮೂತಿಯ ಕೆಲಸ ಕೊನೆಗೆ. ಅದರ ಅಗಲವನ್ನು 60 ಮಿ.ಮೀ.ನಿಂದ ಶುರು ಮಾಡಿ 5 ಮಿ.ಮೀ. ಇಳಿಸುತ್ತಾ ಬಂದೆ, ಆಮ್‌ಮೀಟರ್ ನೋಡುತ್ತಾ. 50ಕ್ಕೆ ಬಂದಾಗ ಕರೆಂಟ್ ಏರಿ ಸದ್ದು ಒರಟಾಯಿತು. 55 ಸರಿಹೋಯಿತು, ಹಳೆಯ ಮೋಟಾರು, ಅದೇ 4 ಸೆಲ್‌ನಲ್ಲೇ.