ಉಳ್ಳಾಗಡ್ಡಿ ಸೂಪು: ಮುಕ್ಕಾಲು ಗಂಟೆ ಸಣ್ಣ ಉರಿ, ಮೇಲೆ ಕಡಕ್ ರೊಟ್ಟಿ

ಮುಂಗಾರಿನ ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಪಡಸಾಲೆಯ ತುಂಬ ಗಡ್ಡಿ ಹರಡಿರುತ್ತದೆ. ಈ ಬೆಳೆಯಲ್ಲಿ ನೀರಿನಂಶ ಹೆಚ್ಚು. ಬೇಸಿಗೆಯಲ್ಲಿ ಕಿತ್ತ ಗಡ್ಡಿಯ ಹಾಗೆ ತಿಂಗಳುಗಟ್ಟಲೆ ತಾಳುವುದಿಲ್ಲ. ದರ ಬಿದ್ದ ವರ್ಷವಂತೂ ಮಾರಲಿಕ್ಕೆ ಒಯ್ದರೆ ಗಾಡಿ ಬಾಡಿಗೆ ಕೂಡ ಹುಟ್ಟುವುದಿಲ್ಲ. ಹಾಗಿದ್ದೂ ಒಂದು ಕಿಲೋ ಗಡ್ಡಿಯನ್ನು ಒಂದೇ ಹೊತ್ತಿಗೆ ಮುಗಿಸುವ ಅಡುಗೆ ನಮ್ಮಲ್ಲಿ ಕಡಿಮೆ. ಒಗ್ಗರಣೆಗೆ ಒಂದು, ರೊಟ್ಟಿ ಜೊತೆ ಕಚ್ಚಿಕೊಳ್ಳಲಿಕ್ಕೆ ಒಂದು, ಅಷ್ಟೇ. ಉಳ್ಳಾಗಡ್ಡಿಯನ್ನೇ ನಡುವೆ ಕೂಡಿಸಿ ಮಾಡುವ ಅಡುಗೆ ಈ ಸೂಪು. ಚಳಿ ಶುರುವಾಗುವ ದಿನಗಳಲ್ಲಿ ರಾತ್ರಿ ಊಟಕ್ಕೆ ಇದೊಂದೇ ಸಾಕು.

ಮೂಲದಲ್ಲಿ ಇದು ಫ್ರಾನ್ಸಿನ ಅಡುಗೆ. ಅಲ್ಲಿ ದನದ ಎಲುಬು ಕುದಿಸಿದ ರಸದಲ್ಲಿ ಮಾಡಿ, ಮೇಲೆ ಬ್ರೆಡ್ಡು, ಚೀಸ್ ಇಟ್ಟು ಕೆಂಪಗೆ ಸುಡುತ್ತಾರೆ. ಪ್ಯಾರಿಸ್ಸಿನ ಹಳೆಯ ಸಗಟು ಮಾರುಕಟ್ಟೆ ಲೇ ಆಲ್‌ನ ಸುತ್ತಲಿನ ಊಟದ ಮನೆಗಳು ಈ ಸೂಪಿಗೆ ಹೆಸರಾಗಿದ್ದವು. ನಮಗೆ ಎಲುಬಿನ ರಸ ಬೇಕಿಲ್ಲ, ಬೇಳೆಯ ಕಟ್ಟು ಇದೆ. ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಉಂಡವರಿಗೆ ಆ ತೆಳು ನೀರಿನಲ್ಲಿ ಎಷ್ಟು ರುಚಿ ಇರುತ್ತದೆ ಎಂದು ಹೇಳಬೇಕಾಗಿಲ್ಲ.

ಏನೇನು ಬೇಕು

ನಾಲ್ಕು ಮಂದಿಗೆ: ಉಳ್ಳಾಗಡ್ಡಿ 1 ಕಿಲೋ, ತೊಗರಿಬೇಳೆ ಅರ್ಧ ಕಪ್, ಬೆಣ್ಣೆ 2 ಚಮಚ, ಶೇಂಗಾ ಎಣ್ಣೆ 1 ಚಮಚ, ಜೋಳದ ಹಿಟ್ಟು 1 ಚಮಚ, ಬೆಳ್ಳುಳ್ಳಿ 3 ಎಸಳು, ಪಲಾವ್ ಎಲೆ ಒಂದು, ಕುಟ್ಟಿದ ಕಾಳುಮೆಣಸು, ಉಪ್ಪು, ಅರ್ಧ ನಿಂಬೆಹಣ್ಣು, ಕಡಕ್ ಜೋಳದ ರೊಟ್ಟಿ ಎರಡು. ಚೀಸ್ ಇದ್ದರೆ ಸರಿ, ಇರದಿದ್ದರೂ ನಡೆಯುತ್ತದೆ. ಮೊಳಕೆ ಒಡೆದ ಗಡ್ಡಿಯಾದರೆ ಮೊಳಕೆ ತೆಗೆದು ಬಳಸಬಹುದು. ಒತ್ತಿದರೆ ಮೆತ್ತಗಾಗಿ ನೀರು ಒಸರುವುದನ್ನು ಮಾತ್ರ ಹಾಕಬೇಡಿ. ಒಂದು ಕೊಳೆತ ಗಡ್ಡಿ ಇಡೀ ಪಾತ್ರೆಗೆ ವಾಸನೆ ಹತ್ತಿಸುತ್ತದೆ.

ಮೊದಲು ಕಟ್ಟು

ಬೇಳೆ ತೊಳೆದು 6 ಕಪ್ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ಉಪ್ಪು, ಅರಿಶಿನ ಬೇಡ. ಆರಿದ ಮೇಲೆ ಕಲಕದೆ ಹಾಗೇ ಬಿಟ್ಟರೆ ಬೇಳೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಳ್ಳಿ. 5 ಕಪ್ ಆಗದಿದ್ದರೆ ಬಿಸಿನೀರು ಸೇರಿಸಿ. ಉಳಿದ ಬೇಳೆ ಮರುದಿನದ ಸಾರಿಗೆ ಆಗುತ್ತದೆ. ಹೋಳಿಗೆಗೆ ಕಡಲೆಬೇಳೆ ಬೇಯಿಸಿದ ದಿನವಾದರೆ ಆ ಕಟ್ಟೇ ಇನ್ನೂ ಚೆನ್ನ.

ಹೆಚ್ಚುವುದು

ಗಡ್ಡಿಯನ್ನು ತುದಿಯಿಂದ ಬೇರಿನವರೆಗೆ ಎರಡು ಹೋಳು ಮಾಡಿ, ಅದೇ ದಿಕ್ಕಿನಲ್ಲಿ ಉದ್ದುದ್ದ ಸೀಳಿ. ಅಡ್ಡ ಹೆಚ್ಚಿದರೆ ಎಳೆಗಳು ಬೇಗ ಕರಗಿ ಮುದ್ದೆಯಾಗುತ್ತವೆ. ಸೂಪಿನಲ್ಲಿ ಎಳೆ ಬಾಯಿಗೆ ಸಿಗಬೇಕು. ಈಳಗಿಯಾಗಲಿ, ಚಾಕುವಾಗಲಿ ಹರಿತವಿರಲಿ. ಮೊಂಡಾದ ಅಲಗು ಗಡ್ಡಿಯನ್ನು ಜಜ್ಜುತ್ತದೆ. ಜಜ್ಜಿದಷ್ಟೂ ಕಣ್ಣುರಿಸುವ ಆವಿ ಹೆಚ್ಚು ಹುಟ್ಟುತ್ತದೆ. ಸುಲಿದ ಗಡ್ಡಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಕಣ್ಣೀರು ಕಡಿಮೆ.

ಹುರಿಯುವುದು

ಸೂಪಿನ ರುಚಿ ಎಲ್ಲ ಇಲ್ಲಿ ಆಗುತ್ತದೆ. ಇದನ್ನು ಅವಸರದಿಂದ ಮುಗಿಸಿದರೆ ಮುಂದೆ ಏನು ಹಾಕಿದರೂ ಆ ರುಚಿ ಬರುವುದಿಲ್ಲ.

ದಪ್ಪ ತಳದ ಅಗಲ ಪಾತ್ರೆಯಲ್ಲಿ ಬೆಣ್ಣೆ, ಎಣ್ಣೆ ಎರಡನ್ನೂ ಕಾಯಿಸಿ. ಗಡ್ಡಿಯನ್ನೆಲ್ಲ ಹಾಕಿ, ಅರ್ಧ ಚಮಚ ಉಪ್ಪು ಉದುರಿಸಿ, ಹತ್ತು ನಿಮಿಷ ಮುಚ್ಚಿಡಿ. ಉಪ್ಪಿಗೆ ನೀರು ಬಿಟ್ಟು ಗಡ್ಡಿ ಕುಗ್ಗುತ್ತದೆ. ಆಮೇಲೆ ಮುಚ್ಚಳ ತೆಗೆದು ಉರಿ ಸಣ್ಣದು ಮಾಡಿ.

ಗಡ್ಡಿಯ ತೂಕದ ಹತ್ತು ಪಾಲಿನಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ನೀರೇ. ಆ ನೀರು ಇರುವ ತನಕ ಪಾತ್ರೆಯೊಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಗಡ್ಡಿ ಬರೀ ಬೇಯುತ್ತದೆ. ನೀರು ಇಂಗಿದ ಮೇಲೆಯೇ ಒಳಗಿನ ಸಕ್ಕರೆ ಅಂಶವೂ ಅಮೈನೋ ಆಮ್ಲಗಳೂ ಸೇರಿ ಕಂದು ಬಣ್ಣ, ಆ ಸಿಹಿಗಂಪು ಹುಟ್ಟುವುದು. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ನಾವು ರೊಟ್ಟಿ ಸುಟ್ಟಾಗ ಹಂಚಿನ ಮೇಲೆ ಏಳುವ ವಾಸನೆಯೂ ಅದರದ್ದೇ. ಹತ್ತು ನಿಮಿಷದಲ್ಲಿ ಗಡ್ಡಿ ಕಂದಾಗುತ್ತದೆ ಎಂದು ಬರೆದ ಪಾಕವಿಧಾನಗಳನ್ನು ನಂಬಬೇಡಿ. ಮುಚ್ಚಳ ತೆಗೆದ ಮೇಲೆ ಮೂವತ್ತೈದರಿಂದ ನಲವತ್ತು ನಿಮಿಷ ಬೇಕೇ ಬೇಕು. ಬೇಗ ಆಗಲೆಂದು ಸಕ್ಕರೆ ಹಾಕುವವರಿದ್ದಾರೆ. ಗಡ್ಡಿಯಲ್ಲಿರುವ ಸಿಹಿಯೇ ಸಾಕು. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬಣ್ಣ ಬೇಗ ಬರುತ್ತದೆ ನಿಜ, ಆದರೆ ಎಳೆ ಕರಗಿ ಹೋಗುತ್ತದೆ.

ಮೊದಲ ಕಾಲು ಗಂಟೆ ಆಗೊಮ್ಮೆ ಈಗೊಮ್ಮೆ ಕೈಯಾಡಿಸಿದರೆ ಸಾಕು. ಬಿಳಿ ಹೋಗಿ ಹಳದಿ, ಹಳದಿ ಹೋಗಿ ಜೋನಿಬೆಲ್ಲದ ಬಣ್ಣಕ್ಕೆ ತಿರುಗುವಾಗ ಒಲೆ ಬಿಟ್ಟು ಹೋಗಬೇಡಿ. ತಳದಲ್ಲಿ ಕಂದು ಹತ್ತಿದರೆ ಎರಡು ಚಮಚ ನೀರು ಚಿಮುಕಿಸಿ ಕೆರೆದು ಗಡ್ಡಿಗೇ ಸೇರಿಸಿ. ಸೂಪಿಗೆ ಬಣ್ಣ, ರುಚಿ ಎರಡೂ ಅದರಿಂದಲೇ. ಮೂರು ನಾಲ್ಕು ಸಲ ಹೀಗೆ ಮಾಡಬೇಕಾದೀತು. ಹತ್ತಿದ್ದು ಕಪ್ಪಾಗಿದ್ದರೆ ಕೆರೆಯಬೇಡಿ, ಕಹಿ. ಮೇಲಿನ ಗಡ್ಡಿಯನ್ನಷ್ಟೇ ಬೇರೆ ಪಾತ್ರೆಗೆ ತೆಗೆದುಕೊಳ್ಳಿ. ಪಾತ್ರೆ ತುಂಬ ಇದ್ದ ಗಡ್ಡಿ ಕೊನೆಗೆ ಒಂದು ಬಟ್ಟಲಿನಷ್ಟಾದರೆ ಹದ ಸರಿಯಾಗಿದೆ ಎಂದರ್ಥ.

ಕೂಡಿಸುವುದು

ಜಜ್ಜಿದ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ, ಜೋಳದ ಹಿಟ್ಟು ಉದುರಿಸಿ ಇನ್ನೆರಡು ನಿಮಿಷ ಹುರಿಯಿರಿ. ಹಿಟ್ಟಿನ ಹಸಿ ವಾಸನೆ ಹೋಗಬೇಕು. ಒಂದು ಚಮಚಕ್ಕಿಂತ ಹೆಚ್ಚು ಹಾಕಿದರೆ ಅಂಬಲಿಯಾಗುತ್ತದೆ. ಬಿಸಿ ಕಟ್ಟನ್ನು ಸ್ವಲ್ಪ ಸ್ವಲ್ಪ ಸುರಿಯುತ್ತ ಗಂಟಾಗದಂತೆ ತಿರುವಿ, ಪಲಾವ್ ಎಲೆ ಹಾಕಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ. ಎಲೆ ತೆಗೆದು, ಕಾಳುಮೆಣಸು ಹಾಕಿ, ರುಚಿ ನೋಡಿ ಉಪ್ಪು ಸರಿಮಾಡಿ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿ. ಇಷ್ಟು ಸಿಹಿ ಇರುವ ಸೂಪಿಗೆ ಆ ಹುಳಿ ಬೇಕು. ಫ್ರಾನ್ಸಿನವರು ಅದಕ್ಕೇ ದ್ರಾಕ್ಷಾರಸ ಹಾಕುವುದು. ಖಾರದಪುಡಿ, ಗರಂ ಮಸಾಲೆ ಹಾಕುವ ಆಸೆಯಾದರೂ ತಡೆದುಕೊಳ್ಳಿ. ಮುಕ್ಕಾಲು ಗಂಟೆ ಕಾದು ತಂದ ಗಡ್ಡಿಯ ಕಂಪು ಅದರಲ್ಲಿ ಮುಳುಗಿಹೋಗುತ್ತದೆ.

ರೊಟ್ಟಿ

ಕಡಕ್ ರೊಟ್ಟಿಯನ್ನು ಅಂಗೈಯಗಲ ಮುರಿದು, ಮೇಲೆ ತುರಿದ ಚೀಸ್ ಹರಡಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಡಿ. ಎರಡು ನಿಮಿಷಕ್ಕೆ ಕರಗುತ್ತದೆ. ಪನೀರ್ ಕರಗುವುದಿಲ್ಲ, ಅದನ್ನು ಹಾಕಿ ಉಪಯೋಗವಿಲ್ಲ. ಚೀಸ್ ಇರದ ಮನೆಯಲ್ಲಿ ರೊಟ್ಟಿಗೆ ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿ. ನನ್ನ ಮಟ್ಟಿಗೆ ಇದೇ ಹೆಚ್ಚು ರುಚಿ. ಎಲ್ಲರೂ ಊಟಕ್ಕೆ ಕೂತ ಮೇಲೆಯೇ ರೊಟ್ಟಿಯನ್ನು ಬಟ್ಟಲಿಗೆ ಇಳಿಸಿ. ಮೊದಲೇ ಹಾಕಿಟ್ಟರೆ ಗರಿಗರಿ ಉಳಿಯುವುದಿಲ್ಲ.

ಗ್ಯಾಸ್ ಉಳಿಸಬೇಕೆಂದರೆ ಒಂದೇ ಸಲ ಎರಡು ಕಿಲೋ ಗಡ್ಡಿ ಹುರಿಯಿರಿ. ಆಗ ಹೊತ್ತು ಒಂದಿಷ್ಟು ಹೆಚ್ಚು ಹಿಡಿಯುತ್ತದೆ. ಅರ್ಧವನ್ನು ಪೂರ್ತಿ ಆರಿಸಿ, ಒಣ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಟ್ಟರೆ ಮೂರು ದಿನ ಕೆಡುವುದಿಲ್ಲ. ಮತ್ತೆ ಸೂಪು ಮಾಡುವ ದಿನ ಕಟ್ಟು ಸಿದ್ಧವಿಟ್ಟುಕೊಂಡು ಬೆಳ್ಳುಳ್ಳಿ, ಹಿಟ್ಟು ಹಾಕುವಲ್ಲಿಂದ ಶುರು ಮಾಡಿದರೆ ಅರ್ಧ ಗಂಟೆಯೊಳಗೆ ಬಟ್ಟಲು ಸಿದ್ಧ.