ಕೆರೆ ಕೆಸರಿನ ಮ್ಯಾಗ್ನೆಟ್ ಬ್ಯಾಕ್ಟೀರಿಯಾ: ನಾನು ಹುಡುಕಿದ ರೀತಿ

ಕೆರೆ ಕೆಸರಿನಲ್ಲಿ ಕಾಂತಕ್ಷೇತ್ರದ ದಿಕ್ಕು ಹಿಡಿದು ಈಜುವ ಬ್ಯಾಕ್ಟೀರಿಯಾಗಳಿವೆ. ಇವನ್ನು ನೋಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಗಾಜಿನ ಜಾಡಿ, ಎರಡು ದಂಡಕಾಂತ (ಉದ್ದನೆಯ ಮ್ಯಾಗ್ನೆಟ್), ಡ್ರಾಪರ್, 400 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪ್ ಇದ್ದರೆ ಸಾಕು.

ನಾನು ಕೆಸರು ತಂದಿದ್ದು ಬೆಂಗಳೂರಿನ ಜಕ್ಕೂರು ಕೆರೆಯಿಂದ, ದಡದ ಹತ್ತಿರ ನೀರು ಅಲುಗದ ಕಡೆ ಮೇಲಿನ ಪದರವನ್ನಷ್ಟೇ ಮೆಲ್ಲಗೆ ತೆಗೆದು. ಕೈಗವಸು ಹಾಕಿಕೊಳ್ಳಿ. ಜಾಡಿಯಲ್ಲಿ ಮೂರನೇ ಒಂದು ಭಾಗ ಕೆಸರು, ಅದರ ಮೇಲೆ ಅದೇ ಕೆರೆಯ ನೀರು, ಮುಚ್ಚಳ ಸಡಿಲ. ಬಿಸಿಲು ಬೀಳದ ಮೂಲೆಯಲ್ಲಿ ಕೆಲವು ವಾರ ಸುಮ್ನೆ ಬಿಟ್ಟುಬಿಡಿ. ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ಬೇಕು, ಆದರೆ ತುಂಬಾ ಕಡಿಮೆ. ಅದಕ್ಕೇ ಆಮ್ಲಜನಕ ಮುಗಿಯುವ ಗಡಿಯಲ್ಲಿ ಗುಂಪು ಸೇರುತ್ತವೆ, ಜಾಡಿ ಅಲುಗಿಸಿದರೆ ಆ ಗಡಿಯೇ ಕದಡಿಹೋಗುತ್ತದೆ.

ಇವುಗಳ ಒಳಗೆ ಕಬ್ಬಿಣದ ಅಂಶವಿರುವ ಪುಟ್ಟ ಹರಳುಗಳಿರುತ್ತವೆ, ಸಾಮಾನ್ಯವಾಗಿ ಮ್ಯಾಗ್ನಟೈಟ್ ಎಂಬ ಕಾಂತೀಯ ಖನಿಜ, ಒಂದೊಂದೂ ಸುಮಾರು 35ರಿಂದ 120 ನ್ಯಾನೋಮೀಟರ್. ಸಾಲಾಗಿ ನಿಂತ ಈ ಹರಳುಗಳು ದಿಕ್ಸೂಚಿಯ ಮುಳ್ಳಿನಂತೆ ಇಡೀ ಜೀವಿಯನ್ನು ತಿರುಗಿಸುತ್ತವೆ. ಇಟಲಿಯ ವಿಜ್ಞಾನಿ ಬೆಲ್ಲಿನಿ 1963ರಲ್ಲೇ ಇದನ್ನು ಗಮನಿಸಿದ್ದರು, 1975ರಲ್ಲಿ ಅಮೆರಿಕದ ಬ್ಲೇಕ್‌ಮೋರ್ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು.

ಈಗ ಮುಖ್ಯ ವಿಷಯ. ಯುರೋಪ್, ಅಮೆರಿಕದಲ್ಲಿ ಭೂಮಿಯ ಕಾಂತಕ್ಷೇತ್ರ ಕಡಿದಾಗಿ ಕೆಳಗೆ ಬಾಗಿರುತ್ತದೆ, ಹಾಗಾಗಿ ಉತ್ತರಕ್ಕೆ ಈಜುವುದು ಅಂದರೆ ಕೆಸರಿನ ಕಡೆಗೆ ಇಳಿಯುವುದು. ಅಲ್ಲಿನವರು ಉತ್ತರಕ್ಕೆ ಹೋಗುವವನ್ನೇ ಹುಡುಕಿದರೂ ನಡೆಯುತ್ತದೆ. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ (ಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ರೇಖೆ) ಹತ್ತಿರ, ಇಲ್ಲಿ ಕ್ಷೇತ್ರ ಹೆಚ್ಚು ಕಡಿಮೆ ಮಲಗಿಯೇ ಇದೆ, ಹಾಗಾಗಿ ಉತ್ತರಕ್ಕೆ ಈಜಿದರೂ ಅಷ್ಟಾಗಿ ಕೆಳಗಿಳಿದಂತಲ್ಲ. ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ಬ್ರೆಜಿಲ್‌ನ ಜಾಗಗಳಲ್ಲಿ ಉತ್ತರಕ್ಕೆ ಹೋಗುವವೂ ದಕ್ಷಿಣಕ್ಕೆ ಹೋಗುವವೂ ಒಟ್ಟಿಗೇ ಸಿಕ್ಕಿವೆ. ಅದಕ್ಕೇ ನಾನು ಜಾಡಿಯ ಎದುರುಬದುರು, ಕೆಸರಿನ ಸ್ವಲ್ಪ ಮೇಲೆ, ಒಂದು ಕಡೆ ಒಂದು ಮ್ಯಾಗ್ನೆಟ್‌ನ ಉತ್ತರ ತುದಿ, ಇನ್ನೊಂದು ಕಡೆ ಮತ್ತೊಂದರ ದಕ್ಷಿಣ ತುದಿ ಇಟ್ಟೆ. ದಿಕ್ಸೂಚಿಯ ಉತ್ತರ ಮುಳ್ಳು ಮ್ಯಾಗ್ನೆಟ್‌ನ ದಕ್ಷಿಣ ತುದಿಯತ್ತ ತಿರುಗುವ ಹಾಗೆ, ಉತ್ತರಕ್ಕೆ ಹೋಗುವವು ದಕ್ಷಿಣ ತುದಿಗೆ ಬಂದು ಸೇರುತ್ತವೆ, ಇದು ನೆನಪಿರಲಿ. ಒಂದೆರಡು ಗಂಟೆ ಬಿಟ್ಟು ಎರಡೂ ಕಡೆಯಿಂದ ಬೇರೆ ಬೇರೆ ಹನಿ ತೆಗೆದೆ. ದಕ್ಷಿಣ ತುದಿಯ ಹನಿಯಲ್ಲಿ ಜಾಸ್ತಿ ಇದ್ದವು, ಆದರೆ ಇನ್ನೊಂದು ಹನಿಯೂ ಖಾಲಿ ಇರಲಿಲ್ಲ!

ಹನಿಯನ್ನು ಕವರ್‌ಸ್ಲಿಪ್‌ನಿಂದ (ಸ್ಲೈಡ್ ಮೇಲಿಡುವ ತೆಳು ಗಾಜು) ನೇತಾಡುವ ಹಾಗೆ ಇಟ್ಟು, ಪಕ್ಕದಲ್ಲಿ ಮ್ಯಾಗ್ನೆಟ್ ಹಿಡಿದು ಅಂಚನ್ನು ನೋಡಿ. ದುಂಡು ದುಂಡಾದ ಜೀವಿಗಳು ಅಂಚಿಗೆ ಬಂದು ತುಂಬಿಕೊಳ್ಳುತ್ತವೆ. ಮ್ಯಾಗ್ನೆಟ್ ತಿರುಗಿಸಿದ ತಕ್ಷಣ ಎಲ್ಲವೂ ಅರ್ಧ ಸುತ್ತು ತಿರುಗಿ ಎದುರು ದಿಕ್ಕಿಗೆ ಹೊರಡುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಸತ್ತವು ತಿರುಗುತ್ತವೆ, ಈಜುವುದಿಲ್ಲ. ಜೀವಿಯಲ್ಲದೆ ಬರೀ ಕಬ್ಬಿಣದ ಪುಡಿಯಾದರೆ ಯಾವ ತುದಿ ಇಟ್ಟರೂ ಅದರ ಕಡೆಗೇ ಸರಿಯುತ್ತದೆ.

ನಿಮ್ಮೂರ ಕೆರೆಯಲ್ಲೂ ಮಾಡಿ ನೋಡಿ, ಎರಡು ತುದಿಯ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆದಿಡಿ.